ಮೀನಿನ ಲೆಕ್ಕ: ಪಿಎಚ್ ಪೆನ್ ಲಿಂಕ್ ಕೇಳೋ ಮುಂಚೆ ಇದನ್ನ ಓದಿ

1/10 🐟

ಕಳೆದ ವಾರ ಟ್ಯಾಂಕ್ ಫೋಟೋ ಹಾಕಿದ್ದೆ. ಫೋಟೋದ ಮೂಲೆಯಲ್ಲಿ ಒಂದು ಹಳದಿ ಪೆನ್ ಕಾಣ್ತಿತ್ತು. ಮೀನಿನ ಬಗ್ಗೆ ಕೇಳಿದವರು 2 ಜನ. ಪೆನ್ ಬಗ್ಗೆ ಕೇಳಿದವರು 19 ಜನ. ಎಣಿಸಿದೀನಿ, ಬಿಕಾಂ ಬುದ್ಧಿ. ಎಲ್ಲರದ್ದೂ ಒಂದೇ ಡಿಎಂ: “ಬ್ರೋ, ಆ ಪಿಎಚ್ ಪೆನ್ ಎಲ್ಲಿ ಸಿಗತ್ತೆ? ಲಿಂಕ್ ಕಳಿಸಿ.”

ಲಿಂಕ್ ಕಳಿಸಲ್ಲ. ಅದರ ಬದಲು ಈ ಸಲದ ಸೀರೀಸ್ ಪೂರ್ತಿ ಆ ಪೆನ್ ಬಗ್ಗೆಯೇ ಬರೀತೀನಿ. 10 ಪೋಸ್ಟ್ ಇದೆ, ಟೀ ಇಟ್ಕೊಂಡು ಕೂತ್ಕೊಳ್ಳಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೇಕಾದ್ರೆ ಜಗಳ ಆಡೋಣ. ಪೆನ್ ಸರಿಯಾಗಿದೆಯಾ ಅಂತ ಚೆಕ್ ಮಾಡೋಕೆ ಬಫರ್ ಪುಡಿ ತಗೊಳ್ಳಲ್ಲ ಅಂದ್ರೆ, ಪಿಎಚ್ ಪೆನ್ನೂ ತಗೊಳ್ಳಬೇಡಿ. ಪೆನ್ ಇಲ್ಲದೇ ಇರೋ ಮನುಷ್ಯ “ಗೊತ್ತಿಲ್ಲ” ಅಂದ್ಕೊಂಡು ಹುಷಾರಾಗಿರ್ತಾನೆ. ತಪ್ಪು ತೋರಿಸೋ ಪೆನ್ ಇರೋನು “ಗೊತ್ತಿದೆ” ಅಂದ್ಕೊಂಡು ನೀರಿಗೆ ಏನೇನೋ ಸುರೀತಾನೆ.

ಇದನ್ನ ಯಾವುದೋ ವಿಡಿಯೋ ನೋಡಿ ಹೇಳ್ತಿಲ್ಲ. ನಾನೇ ಸುರಿದಿದೀನಿ. ನಮ್ಮನೆ ಟ್ಯಾಂಕ್‌ನಲ್ಲಿ 14 ಗಪ್ಪಿ ಇದ್ದವು. ಒಂದೇ ವಾರದಲ್ಲಿ 9 ಹೋದವು. ರೋಗ ಬಂದಿರಲಿಲ್ಲ, ಊಟಕ್ಕೂ ಕಮ್ಮಿ ಇರಲಿಲ್ಲ. ಪೆನ್ ತೋರಿಸಿದ ನಂಬರ್ ಸರಿ ಮಾಡೋಕೆ ಹೋಗಿ ನಾನೇ ಕೊಂದೆ.

ಹೇಗೆ ಅಂತ ಮುಂದಿನ ಪೋಸ್ಟ್‌ನಲ್ಲಿ. 👉

2/10

ಫೋಟೋದಲ್ಲಿರೋದು ನಮ್ಮ ಟ್ಯಾಂಕ್. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ತುಂಬಿದ್ರೆ 56 ಲೀಟರ್ ಹತ್ತಿರ. ಬೆಂಗಳೂರಲ್ಲಿ ಬಾಡಿಗೆ ಮನೆ, ಮೊದಲನೇ ಮಹಡಿ, ಟಿವಿ ಪಕ್ಕ ಇಟ್ಟಿದೀವಿ.

ಅಪ್ಪ ಗೂಡ್ಸ್ ಆಟೋ ಓಡಿಸ್ತಾರೆ. ಹೋದ ವರ್ಷ ಬೆನ್ನು ಆಪರೇಷನ್ ಆಗಿ ಮೂರು ತಿಂಗಳು ಮನೇಲೇ ಇರಬೇಕಾಯ್ತು. ಬೆಳಗ್ಗೆ 5ಕ್ಕೆ ಎದ್ದು ಮಾರ್ಕೆಟ್‌ಗೆ ಹೋಗ್ತಿದ್ದ ಮನುಷ್ಯ ದಿನ ಪೂರ್ತಿ ಗೋಡೆ ನೋಡ್ಕೊಂಡು ಮಲಗೋದನ್ನ ನೋಡೋಕೆ ಆಗ್ತಿರಲಿಲ್ಲ. ಅದಕ್ಕೇ ಟ್ಯೂಷನ್ ಹೇಳಿದ ದುಡ್ಡಲ್ಲಿ ಈ ಟ್ಯಾಂಕ್ ತಂದೆ. ಅಪ್ಪ ಮೊದಲ ದಿನ ಬೈದ್ರು, “ಇದೆಲ್ಲ ಯಾಕೋ ದಂಡ?” ಅಂತ. ನಾಲ್ಕನೇ ದಿನ ನೋಡಿದ್ರೆ ದಿಂಬು ಈ ಕಡೆಗೆ ತಿರುಗಿತ್ತು. ಯಾವ ಮೀನು ಯಾವುದನ್ನ ಓಡಿಸ್ತಿದೆ, ಯಾವುದು ಊಟ ಬಿಟ್ಟಿದೆ ಅಂತ ಸಂಜೆ ನಾನು ಕಾಲೇಜಿಂದ ಬಂದ ತಕ್ಷಣ ರಿಪೋರ್ಟ್ ಕೊಡ್ತಿದ್ರು.

ಮೂರು ತಿಂಗಳು ಯಾವ ಪೆನ್ನೂ ಇಲ್ಲದೇ ಎಲ್ಲ ಚೆನ್ನಾಗೇ ಇತ್ತು. ಹತ್ತು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸೋದು, ಕ್ಲೋರಿನ್ ಹೋಗೋ ಡ್ರಾಪ್ಸ್ ಹಾಕೋದು, ಅಷ್ಟೇ.

ಆಮೇಲೆ ನಾನು ರೀಲ್ಸ್ ನೋಡೋಕೆ ಶುರು ಮಾಡಿದೆ. ಎಲ್ಲರ ಕೈಯಲ್ಲೂ ಹಳದಿ ಪೆನ್. ನೀರಿಗೆ ಅದ್ದಿದ ತಕ್ಷಣ ನಂಬರ್. ನಾನೂ 450 ರೂಪಾಯಿ ಕೊಟ್ಟು ಒಂದು ತರಿಸಿದೆ. ಅದ್ದಿದೆ, 6.52 ಬಂತು. ಎರಡು ನಿಮಿಷ ಬಿಟ್ಟು ಅದ್ದಿದೆ, 6.47. ಹಿಂದೆ ಒಂದು ಪುಟ್ಟ ಸ್ಕ್ರೂ ಇತ್ತು. ಅದನ್ನ ತಿರುಗಿಸಿ “ಕ್ಯಾಲಿಬ್ರೇಟ್” ಮಾಡ್ಬೇಕು ಅಂತ ಡಬ್ಬಿ ಮೇಲೆ ಬರೆದಿತ್ತು. ಜೊತೆಗೆ ಬರಬೇಕಿದ್ದ ಪುಡಿ ಪ್ಯಾಕೆಟ್ ಡಬ್ಬಿಯಲ್ಲಿ ಇರಲಿಲ್ಲ.

ಆಗ ನಾನು ಮಾಡಿದ ಬುದ್ಧಿವಂತಿಕೆ ಕೇಳಿ.

3/10

ಹತ್ತನೇ ಕ್ಲಾಸಲ್ಲಿ ಓದಿದ್ದು ತಲೆಯಲ್ಲಿತ್ತು: ಶುದ್ಧ ನೀರಿನ ಪಿಎಚ್ 7. ನಮ್ಮನೇಲಿ ಆರ್‌ಓ ಫಿಲ್ಟರ್ ಇದೆ. ಆರ್‌ಓ ನೀರು ಅಂದ್ರೆ ಶುದ್ಧ ನೀರು. ಅಂದ್ರೆ 7. ಲೆಕ್ಕ ಎಷ್ಟು ಸುಲಭ!

ಒಂದು ಲೋಟ ಆರ್‌ಓ ನೀರು ತಗೊಂಡೆ, ಪೆನ್ ಅದ್ದಿದೆ, ಸ್ಕ್ರೂ ತಿರುಗಿಸ್ತಾ ಹೋದೆ, 7.00 ಬಂದ ತಕ್ಷಣ ನಿಲ್ಲಿಸಿದೆ. ಮುಗೀತು. ಟ್ಯಾಂಕ್‌ಗೆ ಅದ್ದಿದೆ. 8.3!

ಎದೆ ಧಸಕ್ ಅಂತು. “ಗಪ್ಪಿಗೆ 7ರಿಂದ 7.5” ಅಂತ ಒಂದು ರೀಲ್‌ನಲ್ಲಿ ಕೇಳಿದ್ದೆ. ಅಂಗಡಿಗೆ ಓಡಿ ಪಿಎಚ್ ಇಳಿಸೋ ಡ್ರಾಪ್ಸ್ ತಂದೆ. ಸಂಜೆ ಹಾಕಿದೆ, ಇಳೀತು. ಬೆಳಗ್ಗೆ ನೋಡಿದ್ರೆ ಮತ್ತೆ ಮೇಲೆ. ಮತ್ತೆ ಹಾಕಿದೆ. ಮೂರು ದಿನ ಇದೇ ಹಗ್ಗಜಗ್ಗಾಟ. ನಾಲ್ಕನೇ ದಿನ ಸಿಟ್ಟು ಬಂದು ಎರಡರಷ್ಟು ಸುರಿದೆ. ಪೆನ್ 7.2 ತೋರಿಸ್ತು, ಅಲ್ಲೇ ನಿಂತ್ಕೊಳ್ತು. ಗೆದ್ದೆ ಅಂದ್ಕೊಂಡೆ.

ರಾತ್ರಿ ಅಪ್ಪ ಕರೆದ್ರು. “ಮಗಾ, ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ ಕಣೋ. ಏನೋ ಸರಿಯಿಲ್ಲ.”

ನಾನು ಹೋಗಿ ಮೀನು ನೋಡಲಿಲ್ಲ. ಪೆನ್ ಅದ್ದಿ ನೋಡಿದೆ. “ಇಲ್ಲ ಅಪ್ಪ, 7.2 ಇದೆ ನೋಡಿ, ನೀರು ಪರ್ಫೆಕ್ಟ್ ಆಗಿದೆ” ಅಂತ ಹೇಳಿ ಮಲಗಿದೆ.

ಬೆಳಗ್ಗೆ 6 ಸತ್ತಿದ್ದವು. ಎರಡು ದಿನದಲ್ಲಿ ಇನ್ನೂ 3.

ಅಪ್ಪ ಬೈಯಲಿಲ್ಲ. ಅಮ್ಮನ ಟೀ ಜರಡಿಯಲ್ಲಿ ಒಂದೊಂದಾಗಿ ತೆಗೆದು ಕರಿಬೇವಿನ ಕುಂಡದಲ್ಲಿ ಹೂತ್ರು. ಜರಡಿ ಹಾಳು ಮಾಡಿದ್ದಕ್ಕೆ ಅಮ್ಮ ಬೈದ್ರು. ಅದು ನಂಗೆ ಸ್ವಲ್ಪ ಸಮಾಧಾನ ಆಯ್ತು, ನಿಜ ಹೇಳ್ತೀನಿ.

4/10

ಆ ವಾರವೇ ನಮ್ಮ ಬೀದಿಯ ಗೆಳೆಯ, ಬಿಎಸ್ಸಿ ಕೆಮಿಸ್ಟ್ರಿ ಓದೋನು, ತನ್ನ ಕಾಲೇಜ್ ಲ್ಯಾಬ್‌ಗೆ ನಮ್ಮ ಮೂರು ಬಾಟಲಿ ನೀರು ತಗೊಂಡು ಹೋದ. ಜೊತೆಗೆ ನನ್ನ ಪೆನ್. ಲ್ಯಾಬಿನ ದೊಡ್ಡ ಮೀಟರನ್ನ ಬಫರ್‌ನಲ್ಲಿ ಸರಿ ಮಾಡ್ಕೊಂಡು ಎರಡರಲ್ಲೂ ಅಳೆದ. ವಾಟ್ಸಾಪ್‌ನಲ್ಲಿ ಕಳಿಸಿದ ಲೆಕ್ಕ ಇದು:

▪️ ಆರ್‌ಓ ನೀರು: ಲ್ಯಾಬ್ 6.1, ನನ್ನ ಪೆನ್ 7.0
▪️ ಒಂದು ರಾತ್ರಿ ಇಟ್ಟ ನಲ್ಲಿ ನೀರು: ಲ್ಯಾಬ್ 7.4, ನನ್ನ ಪೆನ್ 8.3
▪️ ಮೀನು ಸತ್ತ ಟ್ಯಾಂಕ್ ನೀರು: ಲ್ಯಾಬ್ 6.2, ನನ್ನ ಪೆನ್ 7.1

ನೋಡಿ, ಎಲ್ಲ ಕಡೆ 0.9 ಜಾಸ್ತಿ. ಯಾಕಂದ್ರೆ ಆರ್‌ಓ ನೀರು 7 ಅಲ್ಲವೇ ಅಲ್ಲ! ಶುದ್ಧ ನೀರು ಗಾಳಿಗೆ ತೆರೆದುಕೊಂಡ ತಕ್ಷಣ ಇಂಗಾಲದ ಡೈಆಕ್ಸೈಡ್ ಹೀರ್ಕೊಳ್ಳತ್ತೆ. ಅದರಲ್ಲಿ ತಡೆಯೋಕೆ ಲವಣ ಇರಲ್ಲ, ಹಾಗಾಗಿ ಪಿಎಚ್ ಕೆಳಗೆ ಬರತ್ತೆ. ಪೂರ್ತಿ ಶುದ್ಧ ನೀರು ಗಾಳಿಯಲ್ಲಿ ಇಟ್ರೆ 5.6ರ ಹತ್ತಿರ ಬಂದು ನಿಲ್ಲತ್ತೆ. ಅಷ್ಟೇ ಅಲ್ಲ, ಲವಣ ಇಲ್ಲದ ನೀರಲ್ಲಿ ಪೆನ್ನಿಗೆ ಸರಿಯಾಗಿ ಓದೋಕೂ ಆಗಲ್ಲ, ನಂಬರ್ ಅತ್ತ ಇತ್ತ ಓಡಾಡ್ತಾ ಇರತ್ತೆ. ಬಾಟಲಿ ನೀರಿನ ಕಥೆಯೂ ಬೇರೆ ಇಲ್ಲ, ಅದು 7 ಇರಲೇಬೇಕು ಅಂತ ರೂಲ್ಸ್ ಇಲ್ಲ.

ಅಂದ್ರೆ ನಮ್ಮ ಟ್ಯಾಂಕ್ ಮೊದಲಿಂದಲೂ 7.4ರ ಸುತ್ತಮುತ್ತ ಇತ್ತು. ಗಪ್ಪಿಗೆ ಅದು ಅರಮನೆ. ಪೆನ್ ಹೇಳಿದ 8.3 ನಿಜವೇ ಆಗಿದ್ರೂ ನಿಧಾನಕ್ಕೆ ಒಗ್ಗಿಕೊಂಡ ಗಪ್ಪಿಗೆ ದೊಡ್ಡ ಕಷ್ಟ ಇರಲಿಲ್ಲ, ಅದು ಗಡಸು ನೀರನ್ನ ಇಷ್ಟಪಡೋ ಮೀನು. ನಾನು ನಾಲ್ಕು ದಿನದಲ್ಲಿ ಅದನ್ನ 6.2ಕ್ಕೆ ಎಳೆದಿದ್ದೆ.

7.4 ಎಲ್ಲಿ, 6.2 ಎಲ್ಲಿ, ಬರೀ 1.2 ತಾನೇ? ಅಲ್ಲ. ಮುಂದೆ ಓದಿ.

5/10

ಪಿಎಚ್ ಸ್ಕೇಲ್ ರೂಪಾಯಿ ಲೆಕ್ಕದ ಹಾಗಲ್ಲ. ಇಲ್ಲಿ 1 ಕಮ್ಮಿ ಆದ್ರೆ ಆಮ್ಲ 10 ಪಟ್ಟು ಜಾಸ್ತಿ. 2 ಕಮ್ಮಿ ಆದ್ರೆ 100 ಪಟ್ಟು. ನನ್ನ 1.2 ಅಂದ್ರೆ ಸುಮಾರು 16 ಪಟ್ಟು. ನಿಮ್ಮ ಬಾಡಿಗೆ ಒಂದೇ ವಾರದಲ್ಲಿ 16 ಪಟ್ಟಾದ್ರೆ ಹೇಗಿರತ್ತೆ, ಹಾಗೆ.

ಈ ಸ್ಕೇಲ್ ಮಾಡಿದ್ದು ಸೋರೆನ್‌ಸೆನ್ ಅನ್ನೋ ಡೆನ್ಮಾರ್ಕ್‌ನ ವಿಜ್ಞಾನಿ, 1909ರಲ್ಲಿ. ಕೆಲಸ ಮಾಡ್ತಿದ್ದದ್ದು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಹೌದು, ಬಿಯರ್ ಕಂಪನಿದೇ. ಎಲೆಕ್ಟ್ರಾನಿಕ್ ಮೀಟರ್ ಬಂದದ್ದು ನಿಂಬೆಹಣ್ಣಿಂದ. 1934ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್, ನಿಂಬೆ ರಸದ ಹುಳಿ ಅಳೆಯೋಕೆ ಒದ್ದಾಡ್ತಿದ್ದ ಗೆಳೆಯನಿಗೆ ಅಂತ ಒಂದು ಯಂತ್ರ ಮಾಡಿಕೊಟ್ಟರು. ನಮ್ಮ ಹಳದಿ ಪೆನ್ ಅದರ ಮರಿಮಗ.

ನಮ್ಮಲ್ಲಿ ಅದಕ್ಕೂ ಎಷ್ಟೋ ಮುಂಚಿಂದ ಪಿಎಚ್ ಟೆಸ್ಟ್ ಇದೆ. ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗತ್ತಲ್ಲ, ಆರತಿ ನೀರು, ಅದೇ. ಸುಣ್ಣ ಕ್ಷಾರ, ಅರಿಶಿನ ಬಣ್ಣ ಬದಲಾಯಿಸತ್ತೆ. ಡ್ರಾಪ್ಸ್ ಕಿಟ್ ಮಾಡೋದೂ ಇದೇ ಕೆಲಸ, ಅದರಲ್ಲಿ ಅರಿಶಿನದ ಬದಲು ಬ್ರೋಮೋಥೈಮಾಲ್ ಬ್ಲೂ ಅನ್ನೋ ಬಣ್ಣ ಇರತ್ತೆ. 6ಕ್ಕೆ ಹಳದಿ, 7ರ ಹತ್ತಿರ ಹಸಿರು, 7.6ಕ್ಕೆ ನೀಲಿ.

ಪೆನ್ ಬಣ್ಣ ನೋಡಲ್ಲ. ಅದರ ತುದಿಯಲ್ಲಿ ತೆಳು ಗಾಜಿನ ಪುಟ್ಟ ಗುಂಡು ಇದೆ. ನೀರಿನ ಆಮ್ಲಕ್ಕೆ ತಕ್ಕ ಹಾಗೆ ಅಲ್ಲಿ ಚೂರೇ ಚೂರು ವೋಲ್ಟೇಜ್ ಹುಟ್ಟತ್ತೆ. 25 ಡಿಗ್ರಿಯಲ್ಲಿ ಪಿಎಚ್ 1 ಬದಲಾದ್ರೆ 59 ಮಿಲಿವೋಲ್ಟ್ ಬದಲಾಗತ್ತೆ. ಗಡಿಯಾರದ ಸೆಲ್ 1500 ಮಿಲಿವೋಲ್ಟ್, ಅದರ 25ನೇ ಒಂದು ಭಾಗ ಅಂದ್ಕೊಳ್ಳಿ. ಗಾಜು ಒಣಗಿದ್ರೆ, ಪಾಚಿ ಮೆತ್ತಿಕೊಂಡ್ರೆ, ಹಳೇದಾದ್ರೆ ಆ ಚೂರು ವೋಲ್ಟೇಜ್ ಕೆಡತ್ತೆ. ಆದ್ರೆ ಸ್ಕ್ರೀನ್ ಕೆಡಲ್ಲ! ಅದು ಮೊದಲ ದಿನದಷ್ಟೇ ಧೈರ್ಯವಾಗಿ ಎರಡು ದಶಾಂಶದವರೆಗೆ ನಂಬರ್ ತೋರಿಸ್ತಾನೇ ಇರತ್ತೆ.

6/10

ಈಗ ನಮ್ಮ ಸಬ್ಜೆಕ್ಟ್‌ಗೆ ಬರ್ತೀನಿ. ಕಾಮರ್ಸ್ ಗೆಳೆಯರೇ, ಕೈ ಎತ್ತಿ. 🙋‍♂️

ಫಸ್ಟ್ ಪಿಯುಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ತಕ್ಷಣ ಪೆನ್ ಕೆಳಗಿಟ್ಟು ನಕ್ಕಿದ್ದು ನೆನಪಿದೆಯಾ? ಆಮೇಲೆ ಲೆಕ್ಚರರ್ ಬಂದು ಹೇಳ್ತಾರೆ: ಟ್ಯಾಲಿ ಆಯ್ತು ಅಂದ್ರೆ ಲೆಕ್ಕ ಸರಿ ಅಂತ ಅರ್ಥ ಅಲ್ಲ. ಒಂದು ವ್ಯವಹಾರ ಪೂರ್ತಿ ಬರೆಯೋದೇ ಮರೆತಿದ್ರೂ ಟ್ಯಾಲಿ ಆಗತ್ತೆ. ಎರಡು ತಪ್ಪು ಒಂದಕ್ಕೊಂದು ಹೊಡ್ಕೊಂಡ್ರೂ ಟ್ಯಾಲಿ ಆಗತ್ತೆ.

ಪೆನ್ ತೋರಿಸೋ 7.00 ಕೂಡ ಅಂಥ ಟ್ಯಾಲಿಯೇ. ನೋಡೋಕೆ ನೀಟಾಗಿದೆ. ನಾನು ಸ್ಕ್ರೂ ತಿರುಗಿಸಿ 7 ತರಿಸಿದ್ದು ಏನು ಗೊತ್ತಾ? ವ್ಯತ್ಯಾಸ ಬಂದ ಮೊತ್ತವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಟೋಟಲ್ ಸರಿ ಮಾಡಿದ ಹಾಗೆ. ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗತ್ತೆ, ಟ್ಯಾಂಕ್‌ನಲ್ಲಿ ಮೀನು ಹೋಗತ್ತೆ.

ಕ್ಯಾಲಿಬ್ರೇಷನ್ ಅಂದ್ರೆ ನಿಜವಾಗಿ ಬ್ಯಾಂಕ್ ರಿಕನ್ಸಿಲಿಯೇಷನ್. ನನ್ನ ಕ್ಯಾಶ್ ಬುಕ್ಕನ್ನ ನಾನೇ ಬರೆದ ಇನ್ನೊಂದು ಬುಕ್ ಜೊತೆ ಹೋಲಿಸಿದ್ರೆ ಪ್ರಯೋಜನ ಇಲ್ಲ. ಬ್ಯಾಂಕ್ ಕೊಟ್ಟ ಪಾಸ್‌ಬುಕ್ ಜೊತೆ ಹೋಲಿಸ್ಬೇಕು. ಪೆನ್ನಿಗೆ ಆ ಪಾಸ್‌ಬುಕ್ ಅಂದ್ರೆ ಬಫರ್ ಪುಡಿ. 4.00, 6.86, 9.18 ಅಂತ ಮೂರು ಪ್ಯಾಕೆಟ್ ಸಿಗತ್ತೆ. ಹೇಳಿದಷ್ಟು ಡಿಸ್ಟಿಲ್ಡ್ ವಾಟರ್‌ಗೆ ಕಲಸಿದ್ರೆ ಪಿಎಚ್ ಅಷ್ಟೇ ಇರತ್ತೆ, ಸುಲಭಕ್ಕೆ ಅಲ್ಲಾಡಲ್ಲ. ನಮ್ಮ ಮನೆ ಫಿಲ್ಟರ್ ನೀರು ಪಾಸ್‌ಬುಕ್ ಅಲ್ಲ.

ಇನ್ನೊಂದು ಮಾತು. ನನ್ನ ಪೆನ್ ಡಬ್ಬಿ ಮೇಲೆ “ರೆಸಲ್ಯೂಷನ್ 0.01” ಅಂತ ದಪ್ಪಕ್ಕೆ, “ಆಕ್ಯುರಸಿ ±0.1” ಅಂತ ಸಣ್ಣಕ್ಕೆ ಇತ್ತು. ಅಂದ್ರೆ ಎಲ್ಲ ಸರಿ ಮಾಡಿದ್ಮೇಲೂ ಎರಡನೇ ದಶಾಂಶ ಬರೀ ಶೋಕಿ. ಪೈಸೆ ಲೆಕ್ಕ ತೋರಿಸ್ತಾ ಹತ್ತು ಪೈಸೆ ಆಚೀಚೆ ಅನ್ನೋ ಕ್ಯಾಷಿಯರ್ ಅದು.

7/10

“ಸರಿ ಬ್ರೋ, ಪೆನ್ ತಪ್ಪು ತೋರಿಸ್ತು. ಆದ್ರೆ ಮೀನು ಸತ್ತದ್ದು ಯಾಕೆ? 6.2ರಲ್ಲಿ ಬದುಕೋ ಮೀನು ಎಷ್ಟಿಲ್ಲ!” ಅಂತ ಗೆಳೆಯ ಕೇಳಿದ. ಒಳ್ಳೆ ಪ್ರಶ್ನೆ. ನಿಯಾನ್ ಟೆಟ್ರಾದ ಮೂಲ ಊರು ಅಮೆಜಾನ್ ಕಡೆಯ ಹುಳಿ ನೀರು. ನಂಬರ್ ಒಂದೇ ಕೊಲ್ಲಲ್ಲ, ಆ ನಂಬರಿಗೆ ನಾವು ಹೇಗೆ ತಲುಪಿದ್ವಿ ಅನ್ನೋದು ಕೊಲ್ಲತ್ತೆ.

ನಲ್ಲಿ ನೀರಲ್ಲಿ ಬೈಕಾರ್ಬನೇಟ್ ಇರತ್ತೆ. ಅಕ್ವೇರಿಯಂ ಭಾಷೆಯಲ್ಲಿ ಕೆಎಚ್. ಅದು ಪಿಎಚ್‌ನ ಎಫ್‌ಡಿ ಇದ್ದ ಹಾಗೆ. ಆಮ್ಲ ಹಾಕಿದ್ರೆ ಮೊದಲು ಎಫ್‌ಡಿ ಮುರಿದು ಸಂಭಾಳಿಸತ್ತೆ. ಹಾಗೆ ಮುರಿಯುವಾಗ ಇಂಗಾಲದ ಡೈಆಕ್ಸೈಡ್ ಹೊರಗೆ ಬರತ್ತೆ. ಅದಿರೋ ತನಕ ಪಿಎಚ್ ಕೆಳಗೆ, ಗಾಳಿಗೆ ಹೋದ ಮೇಲೆ ಮತ್ತೆ ಮೇಲೆ. ನಾನು ಸಂಜೆ ಹಾಕಿ ಬೆಳಗ್ಗೆ ನೋಡ್ತಿದ್ದ ಹಗ್ಗಜಗ್ಗಾಟ ಇದೇ. ನಾಲ್ಕನೇ ದಿನ ಎರಡರಷ್ಟು ಸುರಿದಾಗ ಎಫ್‌ಡಿ ಖಾಲಿ ಆಗ್ತಾ ಬಂತು, ನೀರಲ್ಲಿ ಇಂಗಾಲದ ಡೈಆಕ್ಸೈಡ್ ತುಂಬ್ತು. ಮೀನಿಗೆ ಉಸಿರು ಕಟ್ತು. ಮೇಲೆ ಬಂದು ಬಾಯಿ ಬಿಟ್ಟವು.

ಅಪ್ಪ ನೋಡಿದ್ದು ಅದನ್ನೇ. ಅವರಿಗೆ ಕೆಎಚ್ ಗೊತ್ತಿಲ್ಲ, ಪಿಎಚ್ ಗೊತ್ತಿಲ್ಲ. ಮೂರು ತಿಂಗಳು ಆ ಮೀನುಗಳನ್ನ ನೋಡಿದ ಕಣ್ಣಿತ್ತು. ನಾನು 450 ರೂಪಾಯಿ ಪೆನ್ನನ್ನ ಆ ಕಣ್ಣಿಗಿಂತ ಜಾಸ್ತಿ ನಂಬಿದೆ. ನಂಗೆ ಈಗಲೂ ಬೇಜಾರಾಗೋದು ಅದಕ್ಕೇ.

ಹಾಗಂತ ಪಿಎಚ್ ಲೆಕ್ಕಕ್ಕೇ ಇಲ್ಲ ಅಂತಲ್ಲ. ಮೀನಿನ ಗಲೀಜಿಂದ ಅಮೋನಿಯಾ ಬರತ್ತೆ. 25 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ರೆ ಅದರಲ್ಲಿ 1000ಕ್ಕೆ ಸುಮಾರು 6 ಪಾಲು ಮಾತ್ರ ವಿಷದ ರೂಪದಲ್ಲಿರತ್ತೆ. ಪಿಎಚ್ 8 ಇದ್ರೆ 1000ಕ್ಕೆ ಸುಮಾರು 54 ಪಾಲು. ಹತ್ತಿರ ಹತ್ತಿರ 10 ಪಟ್ಟು! ಈಗ ಯೋಚಿಸಿ, ನನ್ನ ಪೆನ್ 0.9 ಮೇಲೆ ತೋರಿಸುವ ಬದಲು 0.9 ಕೆಳಗೆ ತೋರಿಸಿದ್ದಿದ್ರೆ? ನಿಜ 7.9 ಇರೋ ನೀರನ್ನ 7 ಅಂದ್ಕೊಂಡು ನೆಮ್ಮದಿಯಾಗಿ ಇರ್ತಿದ್ದೆ.

8/10

ಈಗ ಪೆನ್ ಪರವಾಗಿ. ಒಂದೇ ಕಡೆ ಮಾತಾಡಿದ್ರೆ ಅನ್ಯಾಯ.

ಒಂದು: ನಮ್ಮ ಕ್ಲಾಸ್‌ನಲ್ಲಿ ಒಬ್ಬನಿಗೆ ಬಣ್ಣ ಸರಿಯಾಗಿ ಕಾಣಲ್ಲ. ಡ್ರಾಪ್ಸ್ ಕಿಟ್‌ನ ಹಳದಿ, ತಿಳಿ ಹಸಿರು ಅವನಿಗೆ ಒಂದೇ. ಟ್ಯೂಬ್‌ಲೈಟ್ ಕೆಳಗೆ ನಮಗೇ ಜಗಳ ಆಗತ್ತೆ, ಇದು 6.8ಆ 7.2ಆ ಅಂತ. ಅವನಿಗೆ ಪೆನ್ ಬೇಕೇ ಬೇಕು.

ಎರಡು: ಬೆಂಗಳೂರಿನ ನೀರು. ನಮ್ಮ ಸಂಪ್‌ಗೆ ಒಂದು ದಿನ ಕಾವೇರಿ, ಇನ್ನೊಂದು ದಿನ ಬೋರ್‌ವೆಲ್, ಏಪ್ರಿಲ್ ಬಂದ್ರೆ ಟ್ಯಾಂಕರ್. ಮೂರಕ್ಕೂ ಮೂರು ಸ್ವಭಾವ. ಮೀನಿಗೆ ಬೇಕಾಗಿರೋದು ಒಂದೇ ಥರದ ನೀರು, ನಮಗೆ ಸಿಗೋದು ಲಾಟರಿ. ಬಕೆಟ್ ನೀರು ಟ್ಯಾಂಕ್ ನೀರಿಗೆ ಎಷ್ಟು ಹತ್ತಿರ ಇದೆ ಅಂತ ಹಾಕೋ ಮುಂಚೆ ನೋಡೋಕೆ ಪೆನ್ನಿನಷ್ಟು ಸಲೀಸು ಇನ್ನೊಂದಿಲ್ಲ. ಬೋರ್‌ವೆಲ್ ನೀರನ್ನ ಪೈಪಿಂದ ಹಿಡಿದ ತಕ್ಷಣ ಅಳೆಯಬೇಡಿ. ನೆಲದೊಳಗಿನ ಇಂಗಾಲದ ಡೈಆಕ್ಸೈಡ್ ಇನ್ನೂ ಅದರಲ್ಲೇ ಇರತ್ತೆ, ಪಿಎಚ್ ಕಮ್ಮಿ ತೋರಿಸತ್ತೆ. ಒಂದು ದಿನ ಗಾಳಿ ಪಂಪ್ ಹಾಕಿಟ್ಟು ಆಮೇಲೆ ಅಳೆಯಿರಿ.

ಮೂರು: ಗಿಡದ ಟ್ಯಾಂಕ್‌ಗೆ ಸಿಲಿಂಡರ್‌ನಿಂದ ಗ್ಯಾಸ್ ಬಿಡೋರು, ಡಿಸ್ಕಸ್ ಥರದ ಮೀನು ಮರಿ ಮಾಡಿಸೋರು. ಇವರು ದಿನಾ ಅಳೆಯೋರು. ಇವರಿಗೆ ಪೆನ್ ಖರ್ಚಲ್ಲ, ಸಾಧನ.

ನಾಲ್ಕು: ಅಂಗಡಿಯಿಂದ ತಂದ ಕವರ್ ನೀರನ್ನೂ ಟ್ಯಾಂಕ್ ನೀರನ್ನೂ ಹೋಲಿಸೋದು. ಇದರಲ್ಲಿ ಒಂದು ತಮಾಷೆ ಇದೆ. ನನ್ನ ಪೆನ್ ಎಲ್ಲ ಕಡೆ ಒಂದೇ ಸಮ 0.9 ಜಾಸ್ತಿ ತೋರಿಸ್ತಿತ್ತಲ್ಲ? ಅಂಥ ಪೆನ್ನಲ್ಲೂ ಎರಡು ನೀರಿನ ವ್ಯತ್ಯಾಸ ಹೆಚ್ಚುಕಮ್ಮಿ ಸರಿಯಾಗೇ ಸಿಗತ್ತೆ. ತಪ್ಪು ಎರಡೂ ಕಡೆ ಕಳೆದುಹೋಗತ್ತೆ. ಆ ಹಾಳು ಪೆನ್ನನ್ನ ನಾನು ಬರೀ ವ್ಯತ್ಯಾಸ ನೋಡೋಕೆ ಬಳಸಿದ್ದಿದ್ರೆ 9 ಮೀನು ಉಳೀತಿದ್ದವು.

ಮತ್ತೆ ಬೆಳಗಿನ ರೀಡಿಂಗನ್ನ ಸಂಜೆಯದ್ದಕ್ಕೆ ಹೋಲಿಸಬೇಡಿ. ಗಿಡ ಇದ್ರೆ ಹಗಲು ಪಿಎಚ್ ಏರತ್ತೆ, ರಾತ್ರಿ ಇಳಿಯತ್ತೆ. ದಿನಾ ಒಂದೇ ಟೈಮ್ ಇಟ್ಕೊಳ್ಳಿ.

9/10 (ಇದನ್ನ ಸೇವ್ ಮಾಡ್ಕೊಳ್ಳಿ 📌)

ಪೆನ್ ತಗೊಳ್ಳಲೇಬೇಕು ಅನ್ನೋರಿಗೆ ಕಾಸ್ಟ್ ಶೀಟ್. ಇದು ನಾನು ಕೊಟ್ಟ ರೇಟ್, ನಿಮ್ಮ ಊರಲ್ಲಿ ಆಚೀಚೆ ಇರಬಹುದು.

ಪೆನ್ 450
ಬಫರ್ ಪುಡಿ, 3 ಪ್ಯಾಕೆಟ್ 120
ಡಿಸ್ಟಿಲ್ಡ್ ವಾಟರ್ 1 ಲೀಟರ್ 40
ತುದಿ ನೆನೆಸಿಡೋ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ 180
ಬಟನ್ ಸೆಲ್ 60
ಒಟ್ಟು 850

ಅಂದ್ರೆ ಅದು 450ರ ಪೆನ್ ಅಲ್ಲ, 850ರ ಪೆನ್. ಗಾಜಿನ ತುದಿ ಒಂದೆರಡು ವರ್ಷಕ್ಕೆ ಸೋಲತ್ತೆ, ಆ ಸವಕಳಿಯನ್ನೂ ಲೆಕ್ಕಕ್ಕೆ ಹಿಡೀರಿ.

ಮಾಡೋ ಕ್ರಮ:

▪️ ಹೊಸ ಪೆನ್ನಿನ ತುದಿ ಒಣಗಿರತ್ತೆ. ಆ ದ್ರಾವಣದಲ್ಲಿ ಕೆಲವು ಗಂಟೆ ನೆನೆಸಿ.
▪️ ಪ್ಯಾಕೆಟ್ ಮೇಲೆ ಹೇಳಿದಷ್ಟೇ ಡಿಸ್ಟಿಲ್ಡ್ ವಾಟರ್ ಹಾಕಿ, ಸಾಮಾನ್ಯವಾಗಿ 250 ಎಂಎಲ್. ಬ್ಯಾಟರಿ ಅಂಗಡಿಯಲ್ಲಿ ಸಿಗತ್ತೆ, ಆಸಿಡ್ ಬಾಟಲಿ ಅಲ್ಲ ಅಂತ ನೋಡಿ ತಗೊಳ್ಳಿ.
▪️ ಮೊದಲು 6.86ಕ್ಕೆ ಸರಿ ಮಾಡಿ. ತೊಳೆದು 9.18ರಲ್ಲಿ ನೋಡಿ. ಹುಳಿ ನೀರಿನ ಟ್ಯಾಂಕ್ ಆದ್ರೆ 4.00ರಲ್ಲಿ ನೋಡಿ. ಒಂದೇ ಕಡೆ ಸರಿ ಇದ್ದು ಇನ್ನೊಂದು ಕಡೆ ತುಂಬಾ ತಪ್ಪಿದ್ರೆ ತುದಿಯ ಆಯಸ್ಸು ಮುಗಿದಿದೆ.
▪️ ಬಳಸಿದ ಬಫರನ್ನ ಬಾಟಲಿಗೆ ವಾಪಸ್ ಸುರಿಯಬೇಡಿ.
▪️ ಗಾಜನ್ನ ಬಟ್ಟೆಯಲ್ಲಿ ಉಜ್ಜಬೇಡಿ, ಟಿಶ್ಯೂನಲ್ಲಿ ಒತ್ತಿ ತೆಗೀರಿ.
▪️ ಅದ್ದಿ, ಮೆಲ್ಲಗೆ ಆಡಿಸಿ, ನಂಬರ್ ನಿಲ್ಲೋ ತನಕ ಕಾಯಿರಿ. ರೀಲ್ಸ್ ಥರ ಮೂರು ಸೆಕೆಂಡಲ್ಲಿ ಆಗಲ್ಲ.
▪️ ಮುಚ್ಚೋವಾಗ ಕ್ಯಾಪ್ ಒಳಗೆ ಆ ದ್ರಾವಣದ ಎರಡು ಹನಿ. ಡಿಸ್ಟಿಲ್ಡ್ ವಾಟರ್ ಅಥವಾ ಆರ್‌ಓ ನೀರಲ್ಲಿ ಇಡಬೇಡಿ, ತುದಿ ಹಾಳಾಗತ್ತೆ.
▪️ ತಿಂಗಳಿಗೊಮ್ಮೆಯಾದ್ರೂ ಬಫರ್‌ನಲ್ಲಿ ಚೆಕ್. ಏನಾದ್ರೂ ವಿಚಿತ್ರ ನಂಬರ್ ಬಂದ್ರೆ ನೀರಿಗೆ ಏನೂ ಹಾಕೋ ಮುಂಚೆ ಅವತ್ತೇ ಚೆಕ್.

“ನನ್ನ ಪೆನ್ನಲ್ಲಿ ಎಟಿಸಿ ಇದೆ” ಅನ್ನೋರಿಗೆ: ಅದು ತಾಪಮಾನದಿಂದ ತುದಿಯಲ್ಲಿ ಆಗೋ ವ್ಯತ್ಯಾಸ ಮಾತ್ರ ಸರಿ ಮಾಡತ್ತೆ. ಕ್ಯಾಲಿಬ್ರೇಷನ್ ಮಾಡಲ್ಲ.

ಇಷ್ಟೆಲ್ಲ ಆಗಲ್ಲಪ್ಪ ಅಂದ್ರೆ ತಪ್ಪೇನಿಲ್ಲ. ಡ್ರಾಪ್ಸ್ ಕಿಟ್ ತಗೊಳ್ಳಿ, ನಂಗೆ 280ಕ್ಕೆ ಸಿಕ್ತು. ಎಕ್ಸ್‌ಪೈರಿ ಡೇಟ್ ನೋಡಿ ಸಾಕು. ಮಿಕ್ಕಿದ ದುಡ್ಡನ್ನ ಅಮೋನಿಯಾ ಕಿಟ್‌ಗೆ ಹಾಕಿ. ಹೊಸ ಟ್ಯಾಂಕ್‌ನಲ್ಲಿ ಮೊದಲು ಕೊಲ್ಲೋದು ಅಮೋನಿಯಾ, ಪಿಎಚ್ ಅಲ್ಲ.

10/10

ಕೊನೆಯದಾಗಿ ಮೂರು ಮಾತು.

ಮಾರೋರಿಗೆ: ಪೆನ್ ಮಾರ್ತೀರಾ, ಬಫರ್ ಇಲ್ಲದೇ ಮಾರಬೇಡಿ. ತೂಕದ ಬಟ್ಟು ಇಲ್ಲದ ತಕ್ಕಡಿಯನ್ನ ಯಾರಾದ್ರೂ ಮಾರ್ತಾರಾ? ಪೆನ್ ಪಕ್ಕದಲ್ಲೇ ಪಿಎಚ್ ಇಳಿಸೋ ಬಾಟಲಿ ಇಡೋ ಅಂಗಡಿಯೋರು ಅದರ ಪಕ್ಕ ಕೆಎಚ್ ಕಿಟ್ ಕೂಡ ಇಡಲಿ. ಗಿರಾಕಿ ಮೀನು ಸತ್ತ ಮೇಲೆ ಮತ್ತೆ ಮೀನು ತಗೊಳ್ಳೋಕೆ ಬರ್ತಾನೆ ಅಂದ್ಕೊಳ್ಳಬೇಡಿ. ಎಷ್ಟೋ ಜನ ಬೇಜಾರಾಗಿ ಟ್ಯಾಂಕನ್ನೇ ಮಾರ್ತಾರೆ. ಅದು ನಿಮಗೂ ಲಾಸೇ.

ರೀಲ್ಸ್ ಮಾಡೋರಿಗೆ: ಪೆನ್ ಅದ್ದೋದನ್ನ ತೋರಿಸೋ ಮುಂಚೆ ಅದನ್ನ ಬಫರ್‌ನಲ್ಲಿ ಅದ್ದಿದ ಐದು ಸೆಕೆಂಡ್ ಕೂಡ ತೋರಿಸಿ. ನಿಮ್ಮನ್ನ ನೋಡಿ ನಾನು ತಗೊಂಡೆ, ನನ್ನ ನೋಡಿ 19 ಜನ ಕೇಳ್ತಿದಾರೆ.

ಆ 19 ಜನಕ್ಕೆ: ಒಂದು ಸೆಟ್ ಬಫರ್ ಕಲಸಿದ್ರೆ ತುಂಬಾ ಆಗತ್ತೆ, ಒಂದು ಪೆನ್ನಿಗೆ ಒಂದು ಚಿಕ್ಕ ಲೋಟ ಸಾಕು. ಏರಿಯಾದ ನಾಲ್ಕು ಜನ ಸೇರಿ ಒಂದು ಸೆಟ್ ತಗೊಳ್ಳಿ, ಒಂದೇ ಭಾನುವಾರ ಎಲ್ಲರ ಪೆನ್ ಚೆಕ್ ಮಾಡಿ. ತಲೆಗೆ 40 ರೂಪಾಯಿ. ನಾವು ನಮ್ಮ ಬೀದಿಯಲ್ಲಿ ಮಾಡಿದ್ವಿ. ಮೂರು ಪೆನ್ನಲ್ಲಿ ಒಂದು ಮಾತ್ರ ಸರಿಯಿತ್ತು.

ಈಗ ನಮ್ಮನೇಲಿ ಏನು ಮಾಡ್ತೀವಿ? ಪೆನ್ ಇನ್ನೂ ಅದೇ, ಆದ್ರೆ ಬಫರ್‌ನಲ್ಲಿ ಸರಿ ಮಾಡಿದ್ದು. ಟ್ಯಾಂಕ್ ಪಕ್ಕ ಒಂದು ನೋಟ್‌ಬುಕ್ ಇದೆ. ತಾರೀಕು, ಟೈಮ್, ಪಿಎಚ್, ನೀರು ಕಾವೇರಿಯಾ ಬೋರಾ ಅಂತ ನಾಲ್ಕು ಕಾಲಂ ನಾನು ಬರೀತೀನಿ. ಐದನೇ ಕಾಲಂ ಅಪ್ಪಂದು, “ಮೀನು ಹೇಗಿವೆ” ಅಂತ. ಅಪ್ಪ ಈಗ ಮತ್ತೆ ಆಟೋ ತೆಗೆದಿದಾರೆ, ಆದ್ರೂ ರಾತ್ರಿ ಊಟ ಆದ್ಮೇಲೆ ಆ ಕಾಲಂ ತುಂಬ್ತಾರೆ. ಪಿಎಚ್ ಕಾಲಂ ಸರಿ ಇದ್ದು ಐದನೇ ಕಾಲಂ ಸರಿ ಇಲ್ಲ ಅಂದ್ರೆ ಅವತ್ತು ಐದನೇ ಕಾಲಂ ಮಾತು ಕೇಳ್ತೀವಿ. ಕಾಲು ಭಾಗ ನೀರು ಬದಲು, ಗಾಳಿ ಪಂಪ್ ಜೋರು, ಬೇರೆ ಏನೂ ಸುರಿಯಲ್ಲ.

ಉಳಿದ 5 ಗಪ್ಪಿಯಲ್ಲಿ 3 ಹೆಣ್ಣಿದ್ದವು. ಮುಂದಿನದ್ದು ನಿಮಗೇ ಗೊತ್ತು, ಈಗ 30 ದಾಟಿದೆ. ಬೆಂಗಳೂರಲ್ಲಿ ಯಾರಿಗಾದ್ರೂ ಮರಿ ಬೇಕಾದ್ರೆ ಡಿಎಂ ಮಾಡಿ, ಫ್ರೀ. ಪಿಎಚ್ ಇಳಿಸೋ ಬಾಟಲಿ ಮನೇಲಿ ಇಟ್ಕೊಂಡಿರೋರಿಗೆ ಕೊಡಲ್ಲ. 😄

ನಿಮ್ಮ ಪೆನ್ ಕೊನೆಗೆ ಯಾವಾಗ ಬಫರ್ ನೋಡಿತ್ತು? ಕಾಮೆಂಟ್‌ನಲ್ಲಿ ನಿಜ ಹೇಳಿ. ಮುಂದಿನ ಸೀರೀಸ್: ಟ್ಯಾಂಕರ್ ನೀರು ಮತ್ತು ಬೇಸಿಗೆ.

#ಮೀನಿನಲೆಕ್ಕ #ಅಕ್ವೇರಿಯಂಕನ್ನಡ #ಪಿಎಚ್‌ಪೆನ್ #ಗಪ್ಪಿ #ಬಿಕಾಂಬುದ್ಧಿ